ನೀಲವ್ವನ ಬ್ಯಾಟರಿ

ಹೋದ ತಿಂಗಳು ತಂಗಿಯ ನಿಶ್ಚಯಕ್ಕೆಂದು ಮೂಡಲಗಿಗೆ ಹೋದಾಗ, ಅವಳ ಜೊತೆಗೆ ಅಲ್ಲಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕುಳಿತಿದ್ದೆ. ಪಾರ್ಲರಿನ ಹುಡುಗಿ ತಂಗಿಯ ಹಳೆಯ ಉಗುರುಬಣ್ಣ ಅಳಿಸಲು ಸಣ್ಣದೊಂದು ಬಾಟಲಿಯ ಮುಚ್ಚಳ ತೆಗೆದಳು. ಅರ್ಧ ಸಿಹಿ, ಅರ್ಧ ಘಾಟಿನ ಒಂದು ವಾಸನೆ ಕೋಣೆಯಲ್ಲಿ ಹರಡಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದವಳು, ಗಟಾರದ ಅಂಚಿಗೆ ಕುಕ್ಕರಿಸಿ ಮುಂಜಾನೆ ತಿಂದ ಅವಲಕ್ಕಿಯನ್ನೆಲ್ಲ ಕಕ್ಕಿಬಿಟ್ಟೆ.

ತಂಗಿ ಒಂದು ಕೈಯ ಉಗುರುಗಳನ್ನು ಗಾಳಿಗೆ ಹಿಡಿದುಕೊಂಡೇ ಹಿಂದೆ ಬಂದಳು. “ಏನಕ್ಕಾ, ಮತ್ತ ಏನರ ವಿಶೇಷ ಐತೇನ?” ಎಂದು ನಕ್ಕಳು.

“ಎಂಥಾ ವಿಶೇಷನೂ ಇಲ್ಲ. ಮದಲ ಆ ಬಾಟಲಿ ಮುಚ್ಚಾಕ ಹೇಳ,” ಎಂದೆ.

ಕೆಟ್ಟ ಲಿಥಿಯಂ ಸೆಲ್ಲು ಬಾಯಿಬಿಟ್ಟಾಗ ಬರುವ ವಾಸನೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಗೋಕಾಕದಲ್ಲಿ ಕಳೆದ ಒಂದು ಬೇಸಿಗೆ ಪೂರ್ತಿ ಆ ವಾಸನೆ ನನ್ನ ಕೂದಲಲ್ಲಿ, ಸೀರೆಯಲ್ಲಿ, ಉಣ್ಣುವ ಅನ್ನದಲ್ಲಿ ಇತ್ತು.

ಆಗ ನನ್ನ ಮದುವೆಯಾಗಿ ಬಹಳ ದಿನ ಆಗಿರಲಿಲ್ಲ. ಗಂಡ ಮಹಾಂತೇಶ ಬಸ್ಸಿನ ಕಂಡಕ್ಟರು. ನಾವಿದ್ದದ್ದು ಅವನ ಸೋದರಮಾವ ಶಿವಲಿಂಗಪ್ಪನವರ ಮನೆಯ ಮಾಳಿಗೆಯಲ್ಲಿ. ಬಾಡಿಗೆ ಬೇಡವೆಂದು ಅವರೇ ಹೇಳಿದ್ದರು. ಕೆಳಗೆ ರಸ್ತೆಯ ಮಗ್ಗುಲಿಗೆ ಅವರ ಅಂಗಡಿ. ಸತ್ತ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಗೆ ಜೀವ ತುಂಬಿ ಕೊಡುವುದು ಅವರ ಧಂದೆ. ನಾನು ಹುಕ್ಕೇರಿಯಲ್ಲಿದ್ದಾಗ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು ಎಂದು ಗೊತ್ತಿದ್ದ ಅವರು ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. “ಸವಿತಾ, ಕಲತಾಕಿ ಮನ್ಯಾಗ ಕುಂತ ಏನ ಮಾಡ್ತಿ? ಕೆಳಗ ಬಾ. ನಿನ್ನ ಕೈಗುಣ ನೋಡೂಣು.”

ನನಗೆ ಖುಷಿಯೇ ಆಯಿತು. ಶಿವಲಿಂಗಪ್ಪ ಮಾವ ನೋಡಲಿಕ್ಕೂ ಮಾತಿಗೂ ಬಹಳ ಚಂದ. ಬೆಳಗಿನ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಗಲ್ಲೆಯ ಮೇಲೆ ಕುಳಿತರೆಂದರೆ ಬಂದ ಗಿರಾಕಿಗಳು ಕೈಮುಗಿದೇ ಮಾತಾಡುತ್ತಿದ್ದರು. ಎಲ್ಲರನ್ನೂ ಯವ್ವಾ, ಯಪ್ಪಾ ಎಂದೇ ಕರೆಯುವರು. ಪಕ್ಕದಲ್ಲಿ ಕರದಂಟು ಮಾಡುವ ಮಿಠಾಯಿ ಅಂಗಡಿ. ಅಂಟನ್ನು ತುಪ್ಪದಲ್ಲಿ ಹುರಿಯುವ ಪರಿಮಳ ನಮ್ಮ ಅಂಗಡಿಯೊಳಗೆ ಬರುತ್ತಿತ್ತು. ಮೊದಲ ಕೆಲವು ವಾರ ಅಲ್ಲಿ ಕುಳಿತು ಕೆಲಸ ಮಾಡುವುದು ಹಬ್ಬದ ಮನೆಯಲ್ಲಿ ಕುಳಿತ ಹಾಗಿತ್ತು.

ಹೋಳಿ ಮುಗಿದ ಮೇಲೆ, ಬಿಸಿಲು ಏರತೊಡಗಿದ ಒಂದು ದಿನ ನೀಲವ್ವ ಬಂದಳು. ಕಲ್ಲೋಳಿಯವಳು, ಐವತ್ತು ದಾಟಿದ ವಯಸ್ಸು. ಮನೆಯಲ್ಲಿ ಖಡಕ್ ರೊಟ್ಟಿ ಬಡಿದು, ಎಲೆಕ್ಟ್ರಿಕ್ ಸ್ಕೂಟರಿನ ಮೇಲೆ ಮೂಡಲಗಿಯ ಖಾನಾವಳಿಗಳಿಗೆ ಮುಟ್ಟಿಸುವುದು ಅವಳ ಉದ್ಯೋಗ. ಕಾಲು ಮುರಿದು ವರ್ಷದ ಮೇಲೆ ಮನೆ ಹಿಡಿದಿದ್ದಳು. ಕಾಲು ಕೂಡಿತು, ಆದರೆ ತಗಡಿನ ಕೆಳಗೆ ನಿಂತೇ ಇದ್ದ ಸ್ಕೂಟರಿನ ಬ್ಯಾಟರಿ ಸತ್ತಿತ್ತು. ಅದನ್ನು ಹಳೆಯ ಹಚ್ಚಡದಲ್ಲಿ ಸುತ್ತಿ ಟಂಟಂ ರಿಕ್ಷಾದಲ್ಲಿ ತಂದಿದ್ದಳು.

“ಕಾಲ ಮುರದಾಗ ಡಾಕ್ಟರ್ ಏನಂದ ಗೊತ್ತೈತೇನ? ಕೂತಲ್ಲೆ ಕೂತ್ರ ಕಾಲ ಜೋಮ ಹಿಡಿತಾವ, ದಿನಾ ಒಂದೀಟ ಅಡ್ಡಾಡಸ್ರಿ ಅಂದ. ಈ ಗಾಡಿಗಿನೂ ಹಂಗ ಮಾಡಬೇಕಾಗಿತ್ತ ಅಂತ ಯಾರ ಹೇಳಬೇಕ ನಮಗ?” ಎಂದು ನನ್ನೆದುರು ಅದನ್ನು ಇಳಿಸಿದಳು. “ಹೊಸಾದ ತಗೊಳಾಕ ನನ್ನ ಕೈಲೆ ಆಗೂದಿಲ್ಲವಾ. ರೊಟ್ಟಿ ಒಯ್ಯಾಕ ಬಸ್ಸಿನ್ಯಾಗ ಹೋದ್ರ ಅರ್ಧಾ ಪುಡಿ ಆಗತಾವ.”

ನಾನು ಡಬ್ಬಿ ಬಿಚ್ಚಿದೆ. ಗಾಡಿಯ ಬ್ಯಾಟರಿ ಎಂದರೆ ಒಂದೇ ವಸ್ತುವಲ್ಲ. ಒಳಗೆ ಬೆರಳಿನ ಗಾತ್ರದ ಹತ್ತಾರು ಸೆಲ್ಲುಗಳನ್ನು ಗುಂಪು ಗುಂಪಾಗಿ ಜೋಡಿಸಿರುತ್ತಾರೆ. ಅವುಗಳ ಮೇಲೊಂದು ಕಾವಲು ಸರ್ಕ್ಯೂಟು. ಯಾವ ಗುಂಪಿಗೇ ಆಗಲಿ ಅಪಾಯ ಬಂದರೆ ಅದು ಕರೆಂಟು ಕಡಿದುಬಿಡುತ್ತದೆ. ಬಹಳ ದಿನ ಚಾರ್ಜಿಲ್ಲದೆ ಬಿದ್ದರೆ ಸೆಲ್ಲುಗಳು ಇಳಿಯುತ್ತ ಹೋಗಿ ಕೊನೆಗೆ ಚಾರ್ಜರನ್ನೇ ಗುರುತಿಸದ ಸ್ಥಿತಿಗೆ ಬರುತ್ತವೆ. ತೀರ ತಳ ಮುಟ್ಟಿದವುಗಳನ್ನು ತೆಗೆದು ಹಾಕಲೇಬೇಕು, ಒಳಗೇ ಹಾಳಾಗಿರುತ್ತವೆ. ಉಳಿದವನ್ನು ಸಣ್ಣ ಕರೆಂಟಿನಲ್ಲಿ, ಅವಸರವಿಲ್ಲದೆ, ಬೆರಳಿಟ್ಟು ಬಿಸಿ ನೋಡುತ್ತ ಮೇಲೆತ್ತಬೇಕು. ಎತ್ತಿದ ಮೇಲೂ ಕೆಲವು ದಿನ ಸುಮ್ಮನೆ ಇಟ್ಟು, ಮತ್ತೆ ಇಳಿಯುತ್ತವೆಯೋ ಎಂದು ಕಾಯಬೇಕು.

ನೀಲವ್ವನ ಬ್ಯಾಟರಿಯಲ್ಲಿ ಎರಡು ಗುಂಪು ಪೂರ್ತಿ ಸತ್ತಿದ್ದವು. ಉಳಿದವಕ್ಕೆ ಜೀವವಿತ್ತು. ಅವಳನ್ನು ಕೂರಿಸಿಕೊಂಡು ಹೇಳಿದೆ: “ಇದು ಮದಲಿನಂಗ ಆಗೂದಿಲ್ಲ ನೀಲವ್ವಾ. ಮದಲ ಎಷ್ಟ ದೂರ ಹೋಗತಿತ್ತಲಾ, ಅದರ ಅರ್ಧಾ ಹೋದೀತ.”

“ಮೂಡಲಗಿಗಿ ಹೋಗಿ ಬರಾಕ ಅರ್ಧಾನ ಸಾಕ. ನಾನೂ ಮದಲಿನಂಗ ಎಲ್ಲಿ ಅದೇನಿ?” ಎಂದು ತನ್ನ ಕಾಲು ತೋರಿಸಿ ನಕ್ಕಳು.

ಒಳ್ಳೆಯ ಸೆಲ್ಲುಗಳ ತಲೆಯ ಮೇಲೆ ಒಂದೊಂದು ಹಸಿರು ಚುಕ್ಕೆ ಇಟ್ಟು ಕೆಲಸ ಶುರುಮಾಡಿದೆ. ದಿನಾ ಮುಂಜಾನೆ ಮೀಟರು ಹಿಡಿದು ನೋಡಿದಾಗ ಮುಳ್ಳು ಕೂದಲೆಳೆಯಷ್ಟು ಮೇಲೆ ಹೋಗಿರುತ್ತಿತ್ತು. ಜ್ವರ ಇಳಿಯುತ್ತಿರುವ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ ಅನಿಸುತ್ತಿತ್ತು. ಅದೇ ವಾರ ನಾನು ಬಸುರಿ ಎಂದು ಗೊತ್ತಾಯಿತು.

ಅದೇ ವಾರ ಚೀಲಗಳೂ ಬಂದವು.

ಮಾವ ಎಲ್ಲಿಂದಲೋ ಗುಜರಿಯವರ ಕಡೆಯಿಂದ ಸತ್ತ ಸೆಲ್ಲುಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಸಿ ತರಿಸಿದ್ದರು. ಹಿತ್ತಲಲ್ಲಿ ಸುರಿದಾಗ ಜಿರಲೆಗಳೂ ಅವುಗಳ ಜೊತೆಗೆ ಉರುಳಿ ಬಂದವು. ತುಕ್ಕು ತಿಂದವು, ಹೊಟ್ಟೆ ಊದಿಕೊಂಡವು, ತುದಿಯಲ್ಲಿ ಬಿಳಿ ಕೀವಿನ ಹಾಗೆ ಏನೋ ಒಸರಿ ಗಟ್ಟಿಯಾದವು. ಅವುಗಳನ್ನು ಬಕೆಟ್ಟಿನಲ್ಲಿ ತೊಳೆಸುವರು. ಆ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೊಂದು ಬಣ್ಣಬಣ್ಣದ ಎಣ್ಣೆಯ ಪೊರೆ ಕಟ್ಟಿ, ಬಾತ ಇಲಿಯ ನಾತ ಹೊಡೆಯುತ್ತಿತ್ತು. ಬಿಸಿಲಿಗೆ ಒಣಗಿಸಿ, ಥಿನ್ನರಿನಿಂದ ಒರೆಸಿ, ಹೊಚ್ಚಹೊಸ ನೀಲಿ ಪ್ಲಾಸ್ಟಿಕ್ ತೊಗಲು ಹಾಕಿ ಬಿಸಿಗಾಳಿ ಊದಿದರೆ ಮುಗಿಯಿತು. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹಾಗೆ ಹೊಳೆಯುತ್ತಿದ್ದವು. ಮೇಲೇಳದ ಸೆಲ್ಲಿಗೆ ಮಾವ ಝಟಕಾ ಕೊಡುತ್ತಿದ್ದರು. ದೊಡ್ಡ ಬ್ಯಾಟರಿಯ ಎರಡು ವಾಯರುಗಳನ್ನು ನೇರವಾಗಿ ಮುಟ್ಟಿಸುವುದು. ಚಟ್ ಎಂದು ಕಿಡಿ ಹಾರಿ, ಮೀಟರು ಒಂದು ಗಳಿಗೆ ಮೇಲಕ್ಕೆ ಏರುತ್ತಿತ್ತು. ಗಿರಾಕಿಗೆ ತೋರಿಸಲು ಆ ಗಳಿಗೆಯೇ ಸಾಕು.

“ಇವು ಗಾಡಿಗಿ ಹಾಕೂವಲ್ಲರಿ ಮಾವಾರ,” ಎಂದೆ.

“ಬ್ಯಾಟರಿ ಅಂದ್ರ ಏನವಾ? ನಂಬಿಕಿ. ಗಾಡಿ ಮನಿ ತನಕಾ ಓಡಿದ್ರ ಗಿರಾಕಿ ನಂಬತಾನ,” ಎಂದು ಪ್ರವಚನ ಹೇಳುವವರ ಹಾಗೆ ನಕ್ಕರು.

ನಾನು ಆ ಚೀಲ ಮುಟ್ಟುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅವರು ಒತ್ತಾಯ ಮಾಡಲಿಲ್ಲ. ಆ ಕೆಲಸಕ್ಕೆ ಬೇರೊಬ್ಬನನ್ನು ಇಟ್ಟುಕೊಂಡರು. ಆದರೆ ವಾಸನೆಗೆ ಬಾಗಿಲಿರಲಿಲ್ಲ. ಗೋಕಾಕದ ಗುಡ್ಡದ ಕಲ್ಲುಗಳು ಹಗಲೆಲ್ಲ ಕಾದು ಸಂಜೆಗೆ ಉಗುಳುವ ಕಾವಿನಲ್ಲಿ, ಆ ಸಿಹಿಘಾಟು ಪಕ್ಕದ ತುಪ್ಪದ ಪರಿಮಳದ ಜೊತೆ ಕಲೆತು ಮಾಳಿಗೆ ಏರುತ್ತಿತ್ತು. ಗೋಕಾಕದವರು ನೆಂಟರಿಗೆಲ್ಲ ಪ್ರೀತಿಯಿಂದ ಒಯ್ಯುವ ಕರದಂಟನ್ನು ಇವತ್ತಿಗೂ ನಾನು ಬಾಯಿಗಿಡಲಾರೆ. ದಿನಕ್ಕೆ ನಾಕಾರು ಸಲ ಕಕ್ಕುತ್ತಿದ್ದೆ. ಮಾವನ ಹೆಂಡತಿ ಬೆನ್ನು ನೀವಿ, “ಬಸರ್ಯಾಗ ಎಲ್ಲಾರಿಗೂ ಹಿಂಗ ಆಗತೈತಿ ತಂಗೀ” ಎನ್ನುವರು. ಯಾವ ವಾಕರಿಕೆ ಹೊಟ್ಟೆಯೊಳಗಿನದು, ಯಾವುದು ಹಿತ್ತಲಿನದು ಎಂದು ನನಗೂ ಗೊತ್ತಾಗದೆ ಹೋಯಿತು. ಒಂದು ದಿನ ತಲೆ ತಿರುಗಿ ಬಿದ್ದೆ. ಡಾಕ್ಟರು ವಿಶ್ರಾಂತಿ ಬೇಕೆಂದರು. ಮಹಾಂತೇಶ ನನ್ನನ್ನು ಹುಕ್ಕೇರಿಗೆ, ತವರಿಗೆ ಬಿಟ್ಟು ಬಂದ. ಹೋಗುವ ಮುಂಚೆ ನೀಲವ್ವನ ಸೆಲ್ಲುಗಳನ್ನು ಮಾವನಿಗೆ ಒಪ್ಪಿಸಿ, ಸತ್ತ ಎರಡು ಗುಂಪಿನ ಜಾಗಕ್ಕೆ ಹೊಸವನ್ನು ಹಾಕಿ ಜೋಡಿಸುವುದಷ್ಟೇ ಬಾಕಿ ಎಂದು ಹೇಳಿದ್ದೆ.

ತವರಿನಲ್ಲಿ ಅವ್ವನ ಕೈಯ ಮಜ್ಜಿಗೆ, ಬೇವಿನ ನೆರಳು. ಸ್ವಲ್ಪ ಗೆಲುವಾಗಿ ಗೋಕಾಕಕ್ಕೆ ಮರಳಿದ ಮುಂಜಾನೆಯೇ ಅಂಗಡಿಗೆ ಇಳಿದೆ. ಕಪಾಟಿನ ಮೇಲೆ ಮಾರಾಟಕ್ಕೆ ಸಿದ್ಧವಾದ ಒಂದು ಬ್ಯಾಟರಿ ಇನ್ನೂ ಮುಚ್ಚಳವಿಲ್ಲದೆ ಕುಳಿತಿತ್ತು. ಒಳಗೆ ನೋಡಿದೆ. ಸಾಲುಸಾಲಾಗಿ ಹಸಿರು ಚುಕ್ಕೆಗಳು.

“ನೀಲವ್ವಂದು ಇನ್ನೂ ಒಯ್ದಿಲ್ಲೇನ್ರಿ?” ಎಂದು ಕೇಳಿದೆ. ಆ ಗಳಿಗೆಯವರೆಗೂ ನನಗೆ ಬೇರೆ ಯಾವ ಯೋಚನೆಯೂ ಬಂದಿರಲಿಲ್ಲ.

“ಮೊನ್ನೇನ ಒಯ್ದಳಲಾ,” ಎಂದರು ಮಾವ, ಮಾವಿನಹಣ್ಣಿನ ಸಿಪ್ಪೆ ಸುಲಿಯುತ್ತ.

“ಮತ್ತ ಇವು ಆಕಿ ಸೆಲ್ಲ. ಆಕಿಗಿ ಏನ ಹಾಕಿ ಕೊಟ್ರಿ?”

ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. “ಆಕಿ ರೊಟ್ಟಿ ಗಂಟ ಹೊರಾಕಿ. ಆಕಿಗಿ ಇಷ್ಟ ಚಲೋ ಮಾಲ ಯಾಕ ಬೇಕ? ಈ ಸೆಲ್ಲ ನೋಡಿದ್ರ ಯಾರೂ ಹಳೇವ ಅನ್ನೂದಿಲ್ಲ, ಹೊಸಾ ಬ್ಯಾಟರಿ ಅಂತ ಹೋಗತೈತಿ. ನಿನ್ನ ಕೈ ಅಂದ್ರ ಕೈ ನೋಡವಾ,” ಎಂದರು. ಒಂದು ಹೋಳು ನನ್ನ ಕಡೆಗೂ ಚಾಚಿದರು. ರಸ ಅವರ ಮೊಣಕೈವರೆಗೆ ಇಳಿದಿತ್ತು.

“ಚೀಲದಾಗಿನವು ಹಾಕಿದ್ರ ಕಾವಲು ಸರ್ಕ್ಯೂಟ್ ಬಿಡಾಂಗಿಲ್ಲರಿ. ಅದು ಕಡದ ಬಿಡತೈತಿ.”

“ಕಡೀತಿತ್ತ. ಮತ್ತ ಮತ್ತ ಕಡೀತಿತ್ತ. ಅದನ್ನ ತಗದ ನೇರ ಜೋಡಿಸೇನಿ.”

ಕೆಟ್ಟ ಸೆಲ್ಲುಗಳು, ಕಾವಲಿಲ್ಲ. ಚಾರ್ಜಿಗೆ ಹಾಕಿ ಮರೆತರೆ ತಡೆಯುವವರು ಯಾರೂ ಇಲ್ಲ. ನೀಲವ್ವನಿಗೆ ಫೋನು ಹಚ್ಚಿದೆ. ಬಾರಿಸಿತು, ಬಾರಿಸಿತು, ಎತ್ತಲಿಲ್ಲ. ಮಾಳಿಗೆಗೆ ಓಡಿ ಮಹಾಂತೇಶನನ್ನು ಎಬ್ಬಿಸಿದೆ. ಅವನಿಗೆ ಅಂದು ರಜೆ. ಎಲ್ಲ ಕೇಳಿಸಿಕೊಂಡು, ಚಾದರಿನ ಅಂಚನ್ನು ಮಡಚುತ್ತ ಕುಳಿತ.

“ಮಾಮಾನ ಕೂಡ ಜಗಳ ತಗದ್ರ ಹೆಂಗ? ನಮಗ ಇರಾಕ ಮನಿ ಕೊಟ್ಟಾನ. ಸಂಜೀಕ ನಾ ಸಮಾಧಾನಲೆ ಹೇಳ್ತೀನಿ ತಗೋ.”

ಅಲ್ಲಿಯವರೆಗೆ ಮಾವನ ಮೇಲಿದ್ದ ಹೇಸಿಗೆ ಒಂದು ಗಳಿಗೆ ಅವನ ಮೇಲೂ ಹರಿಯಿತು. ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ಹೋದೆ.

ಕಲ್ಲೋಳಿಯಲ್ಲಿ ಇಳಿದಾಗ ಸುಡು ಮಧ್ಯಾಹ್ನ. ರೊಟ್ಟಿ ನೀಲವ್ವನ ಮನೆ ಯಾರನ್ನು ಕೇಳಿದರೂ ತೋರಿಸಿದರು. ಅಂಗಳದಲ್ಲಿ ಸ್ಕೂಟರು, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಹೊಸ್ತಿಲು ದಾಟುವ ಮೊದಲೇ ಮೂಗಿಗೆ ಬಡಿಯಿತು, ಅದೇ ಸಿಹಿ ಘಾಟು. ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಮಗ್ಗುಲಿಗೆ, ಒಂದು ಗೋಣಿತಟ್ಟಿನ ಮೇಲೆ ಬ್ಯಾಟರಿ ಚಾರ್ಜಿಗಿತ್ತು. ಅದರಿಂದ ಮಾರು ದೂರದಲ್ಲಿ ತೊಟ್ಟಿಲು. ಬಾಣಂತನಕ್ಕೆ ಬಂದಿದ್ದ ನೀಲವ್ವನ ಮಗಳು ಪಕ್ಕದಲ್ಲೇ ನಿದ್ದೆ ಹೋಗಿದ್ದಳು.

ಗೋಡೆಯ ಬಟನ್ನು ಬಂದ್ ಮಾಡಿ ಪ್ಲಗ್ ಕಿತ್ತೆ. “ಕೂಸಿನ ತಗೊಂಡ ಹೊರಗ ನಡೀ!” ಎಂದು ಚೀರಿದೆ. ಮಗಳು ದಡಬಡಿಸಿ ಎದ್ದು ಮಗುವನ್ನು ಎತ್ತಿಕೊಂಡು ಓಡಿದಳು. ನೀಲವ್ವ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. ಡಬ್ಬಿಯ ಒಂದು ಪಕ್ಕ ಉಬ್ಬಿತ್ತು, ಒಳಗೆ ಸಣ್ಣಗೆ ಸುಯ್ ಎನ್ನುತ್ತಿತ್ತು. ಅಂಥದರ ಹತ್ತಿರ ಹೋಗಬಾರದು, ಬಿಟ್ಟು ಓಡಬೇಕು. ಅದು ನನಗೆ ಗೊತ್ತಿತ್ತು. ಆದರೆ ಒಳಗೆ ಒಲೆ ಉರಿಯುತ್ತಿತ್ತು, ಗ್ಯಾಸಿನ ಸಿಲಿಂಡರೂ ಇತ್ತು. ನೀಲವ್ವ ನನ್ನ ಮುಖವನ್ನೊಮ್ಮೆ ನೋಡಿದಳು. “ನೀ ಎರಡ ಜೀವದಾಕಿ, ಸರೀ ಆಚಿಗಿ” ಎಂದು ನನ್ನನ್ನು ದೂಡಿ, ಗೋಣಿತಟ್ಟಿನ ಒಂದು ಮೂಲೆಯನ್ನು ಹಿಡಿದು ಹಿಮ್ಮುಖವಾಗಿ ಎಳೆಯತೊಡಗಿದಳು. ಮುರಿದು ಕೂಡಿದ ಕಾಲು ಹೊಸ್ತಿಲಿಗೆ ಎಡವಿತು. ನಾನು ಇನ್ನೊಂದು ಮೂಲೆ ಹಿಡಿದೆ. ಇಬ್ಬರೂ ಸೇರಿ ಜಗ್ಗಿ ಅಂಗಳದ ನಡುವೆ ಎಳೆದು ಬಿಟ್ಟು ಓಡಿದೆವು.

ಎದುರು ಮನೆಯ ಕಟ್ಟೆ ಮುಟ್ಟುವಷ್ಟರಲ್ಲಿ ಬಿಳಿ ಹೊಗೆ ಎದ್ದಿತು. ಆಮೇಲೆ ಪಟಪಟ ಸಿಡಿಯುತ್ತ, ಬೆಂಕಿ ಕಾರಂಜಿಯ ಹಾಗೆ ಚಿಮ್ಮಿತು. ನೀಲಿ ತೊಗಲಿನ ಸೆಲ್ಲುಗಳು ಅಂಗಳದ ತುಂಬ ಹಾರಿ ಬಿದ್ದು ಉರಿದವು. ಗೋಣಿತಟ್ಟು, ಬಾಗಿಲ ಮುಂದಿನ ತುಳಸಿ, ಒಣಹಾಕಿದ್ದ ಮಗುವಿನ ಬಟ್ಟೆಗಳು ಸುಟ್ಟವು. ಜನ ಉಸುಕು ತಂದು ಸುರಿದರು. ಯಾರಿಗೂ ಏನೂ ಆಗಲಿಲ್ಲ. ನಾನು ಆ ಕಟ್ಟೆಯ ಪಕ್ಕಕ್ಕೆ ಬಾಗಿ ಕಕ್ಕುತ್ತಿದ್ದಾಗ ನೀಲವ್ವ ನನ್ನ ಹಣೆ ಹಿಡಿದು ನಿಂತಿದ್ದಳು. ಅವಳ ಕೈಯಿಂದ ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು. ಆ ಬೇಸಿಗೆಯಲ್ಲಿ ನನ್ನ ಮೂಗು ಒಪ್ಪಿಕೊಂಡ ವಾಸನೆ ಅದೊಂದೇ.

ಇಳಿಹೊತ್ತಿಗೆ ಶಿವಲಿಂಗಪ್ಪ ಮಾವ ಕಾರಿನಲ್ಲಿ ಬಂದರು. ಹಿಂದೆ ತಲೆ ತಗ್ಗಿಸಿಕೊಂಡು ಮಹಾಂತೇಶ. ಹಣ್ಣಿನ ಬುಟ್ಟಿ, ಹಣೆಯಲ್ಲಿ ಹೊಸದಾಗಿ ಹಚ್ಚಿದ ವಿಭೂತಿ. ಊರ ಹಿರಿಯರಿಗೆಲ್ಲ ಕೈಮುಗಿದು, ಸುಟ್ಟ ಅಂಗಳದ ನಡುವೆ ನಿಂತು ಕಣ್ಣಲ್ಲಿ ನೀರು ತಂದುಕೊಂಡರು. “ದೇವರ ದೊಡ್ಡಾವ. ಚಾರ್ಜಿಗಿ ಹಾಕಿದಾಗ ಮ್ಯಾಲ ಅರಿವಿ ಮುಚ್ಚಬಾರದ ಅಂತ ನಾ ಹೇಳಿದ್ದೆ. ಪಾಪ, ತಿಳೀದ ಮುಚ್ಯಾಳ. ಇರಲಿ. ಆಕಿಗಿ ಇನ್ನೊಂದ ಬ್ಯಾಟರಿ ಪುಕ್ಕಟ ಕೊಡ್ತೀನಿ, ಗಾಡ್ಯಾಗ ತಂದೇನಿ.”

ಯಾರೋ ಹಿರಿಯರು, “ಇಷ್ಟ ದೊಡ್ಡ ಮನಸ್ ಮಾಡ್ಯಾರ, ಮುಗಸಿಬಿಡ ನೀಲವ್ವಾ” ಎಂದರು. ಸುತ್ತ ನಿಂತವರು ತಲೆಯಾಡಿಸಿದರು. ಬೆಳಿಗ್ಗೆಯಿಂದ ಕಂಡದ್ದೆಲ್ಲಕ್ಕಿಂತ ಆ ತಲೆಯಾಡಿಕೆ ನನಗೆ ಹೇಸಿಗೆ ತಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಮುಂದೆ ಬಂದಳು.

“ಆತರಿ ಸಾಹುಕಾರ, ತಗೋತೀನಿ. ಆದ್ರ ಮದಲ ಅದನ್ನ ನೀವ ನಿಮ್ಮ ಮನಿಗಿ ಒಯ್ರಿ. ನಿಮ್ಮ ಮನ್ಯಾಗ ಕೂಸ ಮಲಗೂ ಕ್ವಾಣ್ಯಾಗ ಇಟ್ಟ ಒಂದ ದಿನ ಚಾರ್ಜ್ ಮಾಡ್ರಿ. ಆಮ್ಯಾಲೆ ನಾನ ಬಂದ ಒಯ್ತೀನಿ.”

ಮಾವನ ಮನೆಯಲ್ಲೂ ಅವರ ಮಗಳ ಎಳೆಮಗು ಇತ್ತು, ಅಂಗಡಿಗೆ ಬಂದಾಗ ನೀಲವ್ವ ಅದನ್ನು ಕಂಡಿದ್ದಳು. ಅವರು ಒಂದು ಮಾತಾಡಿದ್ದರೆ ಸಾಕಿತ್ತು, ಸುಳ್ಳಾದರೂ ಹೂಂ ಎಂದಿದ್ದರೆ ಜನ ನಂಬುತ್ತಿದ್ದರು. ಅವರು ಬುಟ್ಟಿಯಲ್ಲಿನ ಹಣ್ಣುಗಳನ್ನು ಸುಮ್ಮನೆ ಸರಿಪಡಿಸತೊಡಗಿದರು. ತಲೆಯಾಡಿಸಿದ್ದ ಹಿರಿಯರೇ ಮೊದಲು ಕಣ್ಣು ಬೇರೆ ಕಡೆ ತಿರುಗಿಸಿದರು. ಆಮೇಲೆ ನಾನು ಹಸಿರು ಚುಕ್ಕೆಯ ಕಥೆ ಹೇಳಿದೆ.

ಮರುದಿನ ಕಲ್ಲೋಳಿಯ ಒಂದು ಟೆಂಪೊ ತುಂಬ ಜನ ಗೋಕಾಕದ ಅಂಗಡಿಗೆ ಹೋದರು. ಕಪಾಟಿನ ಮೇಲಿದ್ದ ಬ್ಯಾಟರಿಯನ್ನು ಬಿಚ್ಚಿಸಿ ನೀಲವ್ವನ ಸೆಲ್ಲುಗಳನ್ನು ವಾಪಸು ತಂದರು. ನಾನು ಹುಕ್ಕೇರಿಗೆ ಹೋದೆ. ವಾರ ಕಳೆದ ಮೇಲೆ ಮಹಾಂತೇಶ ಮಾಳಿಗೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ಅಲ್ಲಿಗೇ ಬಂದ. ತವರಿನ ಹಿತ್ತಲ ತಗಡಿನ ಕೆಳಗೆ, ಮೊದಲ ಮಳೆ ಬೀಳುವ ಹೊತ್ತಿಗೆ, ನೀಲವ್ವನ ಬ್ಯಾಟರಿಯನ್ನು ಹೊಸ ಕಾವಲು ಸರ್ಕ್ಯೂಟಿನೊಂದಿಗೆ ಸಾವಕಾಶವಾಗಿ ಜೋಡಿಸಿದೆ. ಹೇಳಿದಂತೆ ಅರ್ಧ ದೂರ ಓಡಿತು. ಬಹಳ ದಿನ ಓಡಿತು.

ಮಾವನ ಅಂಗಡಿ ಮುಚ್ಚಲಿಲ್ಲ. ಒಂದಿಷ್ಟು ದಿನ ಗಿರಾಕಿ ಕಡಿಮೆಯಾದರು, ಆಮೇಲೆ ಅಗ್ಗವೆಂದು ಮತ್ತೆ ಬಂದರು. ನಾನು ಗುರುತಿನವರಿಗೆಲ್ಲ ಹೇಳುತ್ತಿದ್ದೆ. ಕೆಲವರು ಕೇಳಿದರು. ಕೆಲವರು, ಮನೆ ಕೊಟ್ಟವನ ಮೇಲೆ ಎಂಥ ಮಾತಾಡುತ್ತಾಳೆ ನೋಡು ಎಂದರು.

ದೀಪಾವಳಿಯ ಹೊತ್ತಿಗೆ ಮಗಳು ಹುಟ್ಟಿದಳು. ಹೆಸರಿಡುವ ದಿನ, ಗಂಡನ ಕಡೆಯ ಹಿರಿಯರೆಂದು ಮಹಾಂತೇಶನ ತಾಯಿ, ನನ್ನ ಅತ್ತೆ, ಶಿವಲಿಂಗಪ್ಪ ಮಾವನನ್ನೂ ಕರೆಸಿದ್ದರು. ಅದೇ ಬಿಳಿ ಅಂಗಿಯಲ್ಲಿ ಬಂದು, ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದರು.

“ಬ್ಯಾಡ್ರಿ ಮಾವಾರ,” ಎಂದೆ.

ಅವ್ವ ಹಿಂದಿನಿಂದ ನನ್ನ ತೋಳು ಚಿವುಟಿದಳು. ಅತ್ತೆಯ ಮುಖ ಕೆಂಪಾಯಿತು. ಶಿವಲಿಂಗಪ್ಪ ಮಾವ ಮಾತ್ರ ನಗುತ್ತಲೇ ಕೈ ಇಳಿಸಿ, ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು. ಹೋಳಿಗೆಯ ಮೇಲೆ ಮತ್ತಷ್ಟು ತುಪ್ಪ ಕೇಳಿ ಹಾಕಿಸಿಕೊಂಡರು. ಕೈ ಒರೆಸುತ್ತ ಅಂಗಳಕ್ಕೆ ಬಂದು, ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ನನಗೂ ಕೇಳುವ ಹಾಗೆ ಮಹಾಂತೇಶನಿಗೆ ಹೇಳಿದರು:

“ಆಗಿದ್ದ ಆತ. ಕೂಸ ಒಂದೀಟ ದೊಡ್ಡದಾದ ಮ್ಯಾಲ ಸವಿತಾನ್ನ ಮತ್ತ ಅಂಗಡಿಗಿ ಕಳಸಪಾ. ಖರೆ ಹೇಳ್ತೀನಿ, ಆಕಿ ಕೈಯಷ್ಟ ಸ್ವಚ್ಛ ಕೈ ನನಗ ಎಲ್ಲೂ ಸಿಗವಲ್ದು.”

ಮಹಾಂತೇಶ ಅವರ ಚಪ್ಪಲಿಗಳನ್ನು ಎತ್ತಿ ತಂದು ಅವರ ಕಾಲ ಮುಂದೆ ಇಟ್ಟ. ಚಿಕ್ಕಂದಿನಿಂದ ಅವನಿಗೆ ರೂಢಿಯಾದ ಮರ್ಯಾದೆ ಅದು. ಆಮೇಲೆ ನೆಟ್ಟಗೆ ನಿಂತ.

“ಅದಕ್ಕನ ಕಳಸೂದಿಲ್ಲ, ಮಾಮಾ.”